ನಷ್ಟ ಯಾರ ಪಾಲಿಗೆ? ಎರಡು ಕಡಲತೀರಗಳ ವಿದ್ಯುತ್ ಸುಧಾರಣೆ

(ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಆರ್ಥಿಕ ಸುಧಾರಣೆಯ ಮಾತು ಬಂದ ಕೂಡಲೇ ನಮ್ಮಲ್ಲಿ ಎರಡು ಬಣ ಏಳುತ್ತವೆ. ಸರ್ಕಾರದ ಕೈಯಲ್ಲಿದ್ದುದು ಖಾಸಗಿಯವರ ಕೈಗೆ ಹೋದರೆ ಎಲ್ಲ ನೆಟ್ಟಗಾಗುತ್ತದೆ ಎನ್ನುವವರು ಒಂದು ಕಡೆ, ಹೋದರೆ ಎಲ್ಲ ಮುಳುಗುತ್ತದೆ ಎನ್ನುವವರು ಇನ್ನೊಂದು ಕಡೆ. ಈ ಸಂಜೆ ನಾನು ಆ ಜಗಳಕ್ಕೆ ಇಳಿಯುವುದಿಲ್ಲ. ಕಲ್ಲಿದ್ದಲು ದುಬಾರಿಯಾದರೆ, ರೂಪಾಯಿ ಕುಸಿದರೆ, ತಯಾರಾದ ವಿದ್ಯುತ್ತನ್ನು ಕೊಳ್ಳುವವರೇ ಇಲ್ಲದೆ ಹೋದರೆ, ಆ ನಷ್ಟವನ್ನು ಯಾರು ಹೊರಬೇಕೆಂದು ಕರಾರಿನಲ್ಲಿ ಮೊದಲೇ ಬರೆದಿದೆಯೇ? ಹೊರಬೇಕಾದವರಿಗೆ ಅದನ್ನು ಓದಿ ಹೇಳಲಾಗಿದೆಯೇ? ಕಳೆದ ಮೂರು ದಶಕಗಳ ಸುಧಾರಣೆಗಳಲ್ಲಿ ಯಾವುದು ಉಳಿಯಿತು, ಯಾವುದು ಮುರಿಯಿತು ಎಂಬುದನ್ನು ಈ ಎರಡು ಪ್ರಶ್ನೆಗಳು ಬಹುಮಟ್ಟಿಗೆ ವಿವರಿಸುತ್ತವೆ ಎಂಬುದು ನನ್ನ ವಾದ.

ಈ ವಾದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಪೂರ್ವದಲ್ಲಿ ವಿಶಾಖಪಟ್ಟಣ, ಪಶ್ಚಿಮದಲ್ಲಿ ಮಂಗಳೂರು-ಉಡುಪಿ. ಇಲ್ಲಿಯ ಬಂದರು 1933ರದು; ಅಲ್ಲಿಯ ಹೊಸ ಮಂಗಳೂರು ಬಂದರಿಗೆ ಪ್ರಮುಖ ಬಂದರಿನ ಸ್ಥಾನ ಸಿಕ್ಕಿದ್ದು 1974ರಲ್ಲಿ. ಇಲ್ಲಿ ಬೈಲಾಡಿಲದ ಅದಿರು ಬೆಟ್ಟ ಇಳಿದು ಜಪಾನಿನ ಹಡಗು ಹತ್ತಿತು. ಅಲ್ಲಿ ಇರಾನಿನ ತೈಲದ ದುಡ್ಡನ್ನು ನಂಬಿ ಕುದುರೆಮುಖದ ಗಣಿ ತೆರೆಯಿತು. ಇಲ್ಲಿಯ ತೈಲ ಶುದ್ಧೀಕರಣಾಗಾರವನ್ನು ನಡೆಸುವ ಹಿಂದೂಸ್ತಾನ್ ಪೆಟ್ರೋಲಿಯಂ ಅಲ್ಲಿಯ ಎಂಆರ್‌ಪಿಎಲ್ ಸ್ಥಾಪನೆಯಲ್ಲೂ ಪಾಲುದಾರ. ಒಂದೇ ಕಾಲದಲ್ಲಿ ಒಂದೇ ಬಗೆಯ ಭರವಸೆ ಪಡೆದ ಈ ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ದಿಲ್ಲಿಯ ಕಡತಗಳಲ್ಲಿ ಕಾಣದ್ದು ಕಾಣುತ್ತದೆ.

1. ಚಿನ್ನ, ತೈಲ ಮತ್ತು 1991

ನಮ್ಮ ಸುಧಾರಣೆ ಸಿದ್ಧಾಂತದಿಂದ ಹುಟ್ಟಲಿಲ್ಲ, ತೈಲದ ಬಿಲ್ಲಿನಿಂದ ಹುಟ್ಟಿತು. ಕೊಲ್ಲಿ ಯುದ್ಧದ ಹೊತ್ತಿಗೆ ಕಚ್ಚಾತೈಲದ ಬೆಲೆ ಏರಿತು, ಕೊಲ್ಲಿಯಿಂದ ನಮ್ಮವರು ಕಳಿಸುತ್ತಿದ್ದ ಹಣ ತಗ್ಗಿತು, ವಿದೇಶಿ ವಿನಿಮಯದ ತಿಜೋರಿ ಬರಿದಾಯಿತು. 1991ರಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಒತ್ತೆಯಾಗಿ ಕಳಿಸಿತು. ಜುಲೈ ಮೊದಲ ವಾರದಲ್ಲಿ ಎರಡು ಕಂತಿನಲ್ಲಿ ರೂಪಾಯಿ ಅಪಮೌಲ್ಯವಾಯಿತು. ಲೈಸೆನ್ಸ್ ರಾಜ್ಯ ಕಳಚತೊಡಗಿದ್ದು ಇದರ ಬೆನ್ನಿಗೆ.

ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು. ಅದರೊಡನೆ ರೂಪಾಯಿಯಲ್ಲೇ ಲೆಕ್ಕ ತೀರಿಸುತ್ತಿದ್ದ ಒಂದು ದೊಡ್ಡ ವ್ಯಾಪಾರವೂ ಕುಸಿಯಿತು. ಸೋವಿಯತ್ ನೆರವಿನಿಂದ ಕಟ್ಟಿದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯನ್ನು ಪಿ. ವಿ. ನರಸಿಂಹರಾವ್ ದೇಶಕ್ಕೆ ಅರ್ಪಿಸಿದ್ದು 1992ರ ಆಗಸ್ಟ್ 1ರಂದು. ನೆರವಿತ್ತ ದೇಶ ಭೂಪಟದಿಂದ ಮರೆಯಾಗಿ ಆಗ ಏಳು ತಿಂಗಳು. ಸ್ಥಿತ್ಯಂತರದ ಅರ್ಥವ್ಯವಸ್ಥೆ ಎಂದರೆ ನಾವು ಪೋಲೆಂಡನ್ನೋ ಉಕ್ರೇನನ್ನೋ ನೆನೆಯುತ್ತೇವೆ. ಯೋಜಿತ ವ್ಯವಸ್ಥೆಯಲ್ಲಿ ಬಸಿರಾಗಿ ಮಾರುಕಟ್ಟೆಯಲ್ಲಿ ಹೆರಿಗೆಯಾದ ಕಾರ್ಖಾನೆಯೊಂದು ಈ ಸಭಾಂಗಣದಿಂದ ಸ್ವಲ್ಪ ದೂರದಲ್ಲೇ ಇದೆ. ಅದಕ್ಕೆ ಇಂದಿಗೂ ಸ್ವಂತ ಅದಿರು ಗಣಿಯಿಲ್ಲ. ಬೈಲಾಡಿಲದ ಅದಿರು ಇದೇ ಊರಿನ ಬಂದರಿಗೆ ಹೋಗುತ್ತದೆ, ಕಾರ್ಖಾನೆ ಮಾತ್ರ ಅದನ್ನು ಪೇಟೆಯ ಬೆಲೆಗೆ ಕೊಳ್ಳಬೇಕು.

2. ಎಂಟು ಯೋಜನೆಗಳ ಜಾಮೀನು

1991ರಲ್ಲಿ ವಿದ್ಯುತ್ ಕಾನೂನಿಗೆ ತಿದ್ದುಪಡಿಯಾಗಿ ಉತ್ಪಾದನೆಯ ಬಾಗಿಲು ಖಾಸಗಿಯವರಿಗೆ ತೆರೆಯಿತು. ಬಂಡವಾಳ ಹೂಡಿದವರಿಗೆ 16 ಶೇಕಡಾ ಪ್ರತಿಫಲ, ಸ್ಥಾವರ 68.5 ಶೇಕಡಾ ಸಾಮರ್ಥ್ಯದಲ್ಲಿ ಓಡಿದರೆ ಸಾಕು, ಸ್ಥಿರ ವೆಚ್ಚವೆಲ್ಲ ವಸೂಲು. ವಿದೇಶಿ ಬಂಡವಾಳಕ್ಕೆ ವಿನಿಮಯ ದರದ ರಕ್ಷಣೆ ಬೇರೆ. ವಿದ್ಯುತ್ ಮಂಡಳಿ ದುಡ್ಡು ಕೊಡದಿದ್ದರೆ ರಾಜ್ಯ ಕೊಡಬೇಕು, ರಾಜ್ಯ ಕೊಡದಿದ್ದರೆ ಕೇಂದ್ರ. ಈ ಪ್ರತಿಜಾಮೀನಿಗೆಂದು ಆರಿಸಿದ ಯೋಜನೆಗಳು ಎಂಟು. ಮಹಾರಾಷ್ಟ್ರದ ದಾಭೋಲ್ ಎಲ್ಲರಿಗೂ ಗೊತ್ತು. ಅದೇ ಪಟ್ಟಿಯಲ್ಲಿ ವಿಶಾಖಪಟ್ಟಣದ ಹಿಂದೂಜಾ ಯೋಜನೆಯಿತ್ತು, ಮಂಗಳೂರಿನ ಕೊಜೆಂಟ್ರಿಕ್ಸ್ ಇತ್ತು, ಗೋದಾವರಿ ಸೀಮೆಯ ಜೇಗುರುಪಾಡು ಮತ್ತು ಕಾಕಿನಾಡದ ಅನಿಲ ಸ್ಥಾವರಗಳಿದ್ದವು.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಈ ಕರಾರುಗಳಿಗೆ ಹೇಳಿ ಮಾಡಿಸಿದಂತಿದೆ. ಇಂಧನದ ಬೆಲೆ, ಡಾಲರಿನ ಏರಿಳಿತ, ಬೇಡಿಕೆಯ ಅನಿಶ್ಚಿತತೆ, ಈ ಮೂರೂ ಹೊರೆ ಕೊಳ್ಳುವವರ ಹೆಗಲಿಗೆ. ಖಚಿತ ಲಾಭ ಮಾರುವವರಿಗೆ. ಜಾಮೀನು ಹಾಕಿದವರು ಶಾಸನಸಭೆಗಳಲ್ಲಿ ಇದನ್ನು ಬಿಡಿಸಿ ಹೇಳಲಿಲ್ಲ. ಫಲ ಏನಾಯಿತು? ದಾಭೋಲ್‌ನ ಮೊದಲ ಹಂತ 1999ರಲ್ಲಿ ಶುರುವಾಗಿ, 2001ರಲ್ಲಿ ಮಹಾರಾಷ್ಟ್ರ ಮಂಡಳಿ ಖರೀದಿ ನಿಲ್ಲಿಸಿತು. ನಂದಿಕೂರಿನಲ್ಲಿ 1,000 ಮೆಗಾವಾಟ್ ಕಟ್ಟಲು ಬಂದ ಕೊಜೆಂಟ್ರಿಕ್ಸ್, ಪರಿಸರದ ಹೋರಾಟ, ನ್ಯಾಯಾಲಯದ ದಾವೆ, ಜಾಮೀನಿನ ಎಳೆದಾಟಗಳ ನಡುವೆ ಒಂದು ಇಟ್ಟಿಗೆಯನ್ನೂ ಇಡದೆ 1999ರ ಡಿಸೆಂಬರಿನಲ್ಲಿ ಹಿಂದೆಗೆಯಿತು. ಇಲ್ಲಿಯ ಹಿಂದೂಜಾ ಸ್ಥಾವರ ತೊಂಬತ್ತರ ದಶಕದ ಆರಂಭದಲ್ಲಿ ಹೆಸರು ಬರೆಸಿಕೊಂಡು ವಿದ್ಯುತ್ ಕೊಟ್ಟದ್ದು 2016ರಲ್ಲಿ. ಅವಸರದ ಪಟ್ಟಿಯಲ್ಲಿದ್ದ ಯೋಜನೆಗೆ ಎರಡು ದಶಕಕ್ಕೂ ಹೆಚ್ಚು ಹಿಡಿಯಿತು. ಮೊದಲು ಎದ್ದು ನಿಂತವು ಗೋದಾವರಿ ತೀರದ ಚಿಕ್ಕ ಸ್ಥಾವರಗಳು. ಕಾರಣ, ಅವುಗಳ ಅನಿಲ ಊರಿನದೇ, ಗಾತ್ರ ಇನ್ನೂರು ಮೆಗಾವಾಟಿನ ಆಸುಪಾಸು.

3. ಕಾಯ್ದೆ ಮತ್ತು ಬೀದಿ

ಉತ್ಪಾದನೆಗೆ ಬಾಗಿಲು ತೆರೆದರೂ ಕೊಳ್ಳುವ ಮಂಡಳಿಯ ಬೊಕ್ಕಸದಲ್ಲಿ ದುಡ್ಡಿರಲಿಲ್ಲ. ಒಡಿಶಾದ ಬೆನ್ನಿಗೆ ಆಂಧ್ರ 1998ರಲ್ಲಿ ವಿದ್ಯುತ್ ಸುಧಾರಣಾ ಕಾಯ್ದೆ ಮಾಡಿತು. 1999ರ ಫೆಬ್ರವರಿ 1ರಂದು ರಾಜ್ಯ ವಿದ್ಯುತ್ ಮಂಡಳಿ ಒಡೆದು ಉತ್ಪಾದನೆಗೆ ಜೆನ್ಕೋ, ಪ್ರಸರಣಕ್ಕೆ ಟ್ರಾನ್ಸ್ಕೋ ಆದವು. ಮರುವರ್ಷ ನಾಲ್ಕು ವಿತರಣಾ ಕಂಪನಿಗಳು ಬಂದವು, ಅವುಗಳಲ್ಲಿ ಪೂರ್ವ ಕಂಪನಿಗೆ ಈ ಊರೇ ಕೇಂದ್ರ. ವಿಶ್ವ ಬ್ಯಾಂಕು ಮೊದಲ ಕಂತಾಗಿ 21 ಕೋಟಿ ಡಾಲರ್ ಸಾಲ ಕೊಟ್ಟಿತು. ಮಂಡಳಿ ದುರ್ಬಲವಾಗಿತ್ತೆಂದು ಆಗ ಎಲ್ಲರೂ ಹೇಳುತ್ತಿದ್ದರು. ಆದರೆ ವಿಜಯವಾಡ ಬಳಿಯ ಇಬ್ರಾಹಿಂಪಟ್ಟಣದ ಶಾಖೋತ್ಪನ್ನ ಸ್ಥಾವರವನ್ನು ಕಟ್ಟಿ ನಡೆಸಿದ್ದು ಅದೇ ಮಂಡಳಿ. ಆ ಸ್ಥಾವರಕ್ಕೆ ಇಂದು ಮಂಡಳಿಯ ಅಧ್ಯಕ್ಷರಾಗಿದ್ದ ನಾರ್ಲ ತಾತಾರಾವ್ ಅವರ ಹೆಸರಿದೆ. ಮಂಡಳಿಗೆ ಯಂತ್ರ ಓಡಿಸಲು ಬರುತ್ತಿತ್ತು. ಬಿಲ್ಲು ವಸೂಲು ಮಾಡುವ ಅಧಿಕಾರ ಮಾತ್ರ ಇರಲಿಲ್ಲ.

2000ದ ಮೇ ತಿಂಗಳಲ್ಲಿ ಹೊಸ ನಿಯಂತ್ರಣ ಆಯೋಗದ ಮೊದಲ ದರ ಆದೇಶ ಬಂತು. ಮನೆಬಳಕೆಯ ದರ ಏರಿತು. ಮುಂದಿನ ತಿಂಗಳುಗಳಲ್ಲಿ ರಾಜ್ಯದ ಬೀದಿಗಳಲ್ಲಿ ಪ್ರತಿಭಟನೆ. ಆಗಸ್ಟ್ 28ರಂದು ಹೈದರಾಬಾದಿನ ಬಶೀರ್‌ಬಾಗ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು, ಮೂವರು ಜೀವ ಕಳೆದುಕೊಂಡರು. ಜನ ಸುಧಾರಣೆಯನ್ನೇ ವಿರೋಧಿಸಿದರು ಎಂದು ಇದನ್ನು ಓದುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಂಬದಿಂದ ಕೊಕ್ಕೆ ಹಾಕಿ ಕದಿಯುವವರ ಮೇಲೆ, ದೊಡ್ಡ ಬಾಕಿದಾರರ ಮೇಲೆ, ದುಬಾರಿ ಖರೀದಿ ಕರಾರುಗಳ ಮೇಲೆ ಕ್ರಮ ಕಾಣುವ ಮೊದಲೇ, ನಿಯತ್ತಾಗಿ ಬಿಲ್ಲು ಕಟ್ಟುತ್ತಿದ್ದವರ ಮನೆಗೆ ಹೆಚ್ಚಿದ ಬಿಲ್ಲು ಬಂತು. ನಷ್ಟವನ್ನು ಹಂಚುವಾಗ ಯಾರಿಂದ ಶುರುಮಾಡುತ್ತೇವೆ ಎಂಬುದೂ ಆರ್ಥಿಕ ನೀತಿಯೇ. ನಾಲ್ಕು ವರ್ಷಗಳ ನಂತರ, 2004ರ ಮೇ 14ರಂದು, ವೈ. ಎಸ್. ರಾಜಶೇಖರ ರೆಡ್ಡಿ ಅಧಿಕಾರ ವಹಿಸಿಕೊಂಡ ದಿನವೇ ರೈತರಿಗೆ ಉಚಿತ ವಿದ್ಯುತ್ತಿನ ಕಡತಕ್ಕೆ ಸಹಿ ಹಾಕಿದರು.

ಕರ್ನಾಟಕ ಇದೇ ದಾರಿಯಲ್ಲಿ ನಿಧಾನವಾಗಿ ನಡೆಯಿತು. ಉತ್ಪಾದನೆಯನ್ನು ಬೇರ್ಪಡಿಸುವ ಕೆಲಸವನ್ನು ನಾವು ಯಾವ ಬ್ಯಾಂಕೂ ಹೇಳದೆ 1970ರಲ್ಲೇ ವಿದ್ಯುತ್ ನಿಗಮ ಕಟ್ಟಿ ಮುಗಿಸಿದ್ದೆವು. 1999ರ ಆಗಸ್ಟಿನಲ್ಲಿ ವಿದ್ಯುತ್ ಮಂಡಳಿಯಾದ ಕೆಇಬಿ ಹೋಗಿ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಬಂತು, 2002ರಲ್ಲಿ ವಿತರಣಾ ಕಂಪನಿಗಳಾದ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಬಂದವು. ಹಳ್ಳಿಯಲ್ಲಿ ಇಂದಿಗೂ ಲೈನ್‌ಮನ್ ಬಂದರೆ ಕೆಇಬಿಯವರು ಬಂದರು ಎನ್ನುತ್ತಾರೆ. 2008ರಲ್ಲಿ 10 ಅಶ್ವಶಕ್ತಿವರೆಗಿನ ಐಪಿ ಸೆಟ್‌ಗಳಿಗೆ ವಿದ್ಯುತ್ ಉಚಿತವಾಯಿತು. 2023ರಲ್ಲಿ ಮನೆಗಳಿಗೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಬಂತು. ಉಚಿತ ಕೊಡುವುದು ತಪ್ಪೆಂದು ನಾನು ಹೇಳಲಾರೆ. ಮಳೆ ನಂಬಿ ಬದುಕುವವನಿಗೆ ಸಮಾಜ ನೀರೆತ್ತಿ ಕೊಡುವುದರಲ್ಲಿ ನ್ಯಾಯವಿದೆ. ಆದರೆ ಪಂಪ್‌ಸೆಟ್ಟಿಗೆ ಮೀಟರಿಲ್ಲದಾಗ ಎಷ್ಟು ಯೂನಿಟ್ ರೈತನಿಗೆ ಹೋಯಿತು, ಎಷ್ಟು ಸೋರಿಹೋಯಿತು ಎಂಬುದು ಅಂದಾಜಿನ ಮಾತಾಗುತ್ತದೆ. ಕಂಪನಿ ತನ್ನ ಸೋರಿಕೆಯನ್ನೂ ರೈತನ ಲೆಕ್ಕಕ್ಕೆ ಬರೆಯಲು ಸಾಧ್ಯವಾಗುತ್ತದೆ. ಹೊತ್ತವನೊಬ್ಬ, ಹೆಸರು ಕೆಡಿಸಿಕೊಂಡವನು ಇನ್ನೊಬ್ಬ. 2020ರ ನಂತರ ಇತ್ತ ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ ಪಂಪ್‌ಸೆಟ್ಟುಗಳಿಗೆ ಮೀಟರು ಹಾಕುವ ಪ್ರಯೋಗ ನಡೆದಾಗ ರೈತರು ಹೆದರಿದ್ದು ಇವತ್ತಿನ ಮೀಟರಿಗಲ್ಲ, ಅದರ ಹಿಂದೆ ಮುಂದೊಂದು ದಿನ ಬರಬಹುದಾದ ಬಿಲ್ಲಿಗೆ. ಆ ಭಯ ಹೋಗಲು ಸಬ್ಸಿಡಿಯ ಭರವಸೆ ಮುಖ್ಯಮಂತ್ರಿಯ ಭಾಷಣದಲ್ಲಿದ್ದರೆ ಸಾಲದು, ಕಾಯ್ದೆಯಲ್ಲಿರಬೇಕು.

4. ತಂತಿಯಿಲ್ಲದೆ ಪೇಟೆಯಿಲ್ಲ

2003ರ ವಿದ್ಯುತ್ ಕಾಯ್ದೆ ವಿದ್ಯುತ್ತಿನ ವ್ಯಾಪಾರಕ್ಕೆ ಮಾನ್ಯತೆ ಕೊಟ್ಟಿತು, 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರ ಶುರುವಾಯಿತು. ಆದರೂ ದಕ್ಷಿಣದ ನಾವು ಬಹುಕಾಲ ಬೇರೆಯೇ ದ್ವೀಪ. ಪೂರ್ವ ಜಾಲದಿಂದ ದಕ್ಷಿಣಕ್ಕೆ ವಿದ್ಯುತ್ ದಾಟಲು ಇದ್ದ ಕಿಂಡಿಗಳಲ್ಲೊಂದು ಇದೇ ಊರಿನ ಗಾಜುವಾಕದಲ್ಲಿ. 1999ರಲ್ಲಿ 500 ಮೆಗಾವಾಟ್, 2005ರಲ್ಲಿ ಇನ್ನೊಂದು 500. ಅದಕ್ಕಿಂತ ದೊಡ್ಡದು 2003ರ ತಾಲ್ಚೇರ್-ಕೋಲಾರ ಮಾರ್ಗ: ಒಡಿಶಾದ ಗಣಿಬಾಯಿಯಲ್ಲಿ ಸುಟ್ಟ ಕಲ್ಲಿದ್ದಲು ವಿದ್ಯುತ್ತಾಗಿ ಸಾವಿರದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಕೋಲಾರಕ್ಕೆ ಬಂತು. ಕಲ್ಲಿದ್ದಲನ್ನು ರೈಲಿನಲ್ಲಿ ಹೊರುವ ಬದಲು ತಂತಿಯಲ್ಲಿ ಹೊತ್ತ ವ್ಯಾಪಾರ ಇದು.

2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೊವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣದ ಜಾಲ ದೇಶದ ಜಾಲದೊಡನೆ ಒಂದೇ ಲಯಕ್ಕೆ ಬಂತು. ಅದಕ್ಕೂ ಮುಂಚೆ ವಿನಿಮಯ ಕೇಂದ್ರದಲ್ಲಿ ದಕ್ಷಿಣದ ದರ ಮೇಲಿಂದ ಮೇಲೆ ಉತ್ತರದ ದರವನ್ನು ಮೀರಿ ನಿಲ್ಲುತ್ತಿತ್ತು; ದಾರಿ ಇಕ್ಕಟ್ಟಾಗಿದ್ದರಿಂದ ಅಲ್ಲಿಯ ಅಗ್ಗದ ವಿದ್ಯುತ್ತು ಇಲ್ಲಿಗೆ ದಾಟುತ್ತಿರಲಿಲ್ಲ. ನನ್ನ ದೃಷ್ಟಿಯಲ್ಲಿ ಮೂರು ದಶಕಗಳ ನಿಜವಾದ ವ್ಯಾಪಾರ ಸುಧಾರಣೆ ಇದು. ಸರ್ಕಾರಿ ಕಂಪನಿಯೊಂದು ತಂತಿ ಎಳೆಯಿತು. ವೆಚ್ಚವನ್ನು ಬಳಸುವ ರಾಜ್ಯಗಳೆಲ್ಲ ಲೆಕ್ಕ ಹಾಕಿ ಹಂಚಿಕೊಂಡವು. ಇದಕ್ಕಾಗಿ ಯಾರೂ ಬೀದಿಗಿಳಿಯಲಿಲ್ಲ, ಯಾರೂ ದಿವಾಳಿಯಾಗಲಿಲ್ಲ. ಪರವಾಡದ ಸಿಂಹಾದ್ರಿ ಸ್ಥಾವರದ ಎರಡನೆಯ ಹಂತದಿಂದ ಕರ್ನಾಟಕವೂ ಪಾಲು ಪಡೆಯುತ್ತದೆ. ಬಂಗಾಳ ಕೊಲ್ಲಿಯ ನೀರಿನಿಂದ ತಣಿಯುವ ಯಂತ್ರ ಬೆಂಗಳೂರಿನ ಫ್ಯಾನು ತಿರುಗಿಸುತ್ತದೆ.

5. ಇಂಧನದ ಜೂಜು

2009ರ ಏಪ್ರಿಲ್‌ನಲ್ಲಿ ಕೃಷ್ಣಾ-ಗೋದಾವರಿ ಕೊಳ್ಳದ ಡಿ6 ಪ್ರದೇಶದಿಂದ ಅನಿಲ ಹರಿಯತೊಡಗಿತು. ವಿಜಯವಾಡ ಬಳಿಯ ಕೊಂಡಪಲ್ಲಿಯಿಂದ ರಾಜಮಹೇಂದ್ರಿವರೆಗೆ ಅದನ್ನು ನಂಬಿ ಸ್ಥಾವರಗಳು ಎದ್ದವು. ಒಂದೆರಡು ವರ್ಷದಲ್ಲೇ ಬಾವಿಗಳ ಉತ್ಪಾದನೆ ಕುಸಿಯಿತು, 2013ರ ಹೊತ್ತಿಗೆ ವಿದ್ಯುತ್ ಸ್ಥಾವರಗಳ ಪಾಲು ನಿಂತೇಹೋಯಿತು. ಯಂತ್ರ ಹೊಸದು, ಇಂಧನವಿಲ್ಲ. ನಷ್ಟ ಸಾಲ ಕೊಟ್ಟ ಸರ್ಕಾರಿ ಬ್ಯಾಂಕುಗಳ ತಲೆಗೆ ಬಂತು, ಅಂದರೆ ಠೇವಣಿದಾರರ ಮತ್ತು ತೆರಿಗೆದಾರರ ತಲೆಗೆ.

ಕೊಂಡಪಲ್ಲಿಯ ಕಂಪನಿ ಲ್ಯಾಂಕೊ. ಕೊಜೆಂಟ್ರಿಕ್ಸ್ ಬಿಟ್ಟುಹೋದ ನಂದಿಕೂರು-ಎಲ್ಲೂರು ಪ್ರದೇಶದಲ್ಲಿ ಉಡುಪಿ ಪವರ್ ಸ್ಥಾವರವನ್ನು ಎಬ್ಬಿಸಿದ್ದೂ ಅದೇ. ಸಾಮರ್ಥ್ಯ 1,200 ಮೆಗಾವಾಟ್, ಮೊದಲ ಘಟಕ 2010ರಲ್ಲಿ. ಕಲ್ಲಿದ್ದಲು ಹೊರದೇಶದ್ದು, ಹಡಗಿನಲ್ಲಿ ಹೊಸ ಮಂಗಳೂರು ಬಂದರಿಗೆ ಬರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ವಿದ್ಯುತ್ ಕರ್ನಾಟಕಕ್ಕೆಂದು ಕರಾರು. ಇಂಡೊನೇಷ್ಯಾ 2010-11ರಲ್ಲಿ ತನ್ನ ಕಲ್ಲಿದ್ದಲು ರಫ್ತಿನ ಬೆಲೆ ನಿಯಮ ಬದಲಿಸಿತು. ಹರಾಜಿನಲ್ಲಿ ನಿಗದಿತ ದರ ಕೂಗಿ ಗೆದ್ದಿದ್ದ ಗುಜರಾತಿನ ದೊಡ್ಡ ಸ್ಥಾವರಗಳು ನ್ಯಾಯಾಲಯ ಹತ್ತಿದವು. ಹೊರದೇಶದ ಕಾನೂನು ಬದಲಾಯಿತೆಂದು ಇಲ್ಲಿಯ ದರ ಏರಿಸಲಾಗದು ಎಂದು ಸುಪ್ರೀಂ ಕೋರ್ಟು 2017ರ ಏಪ್ರಿಲ್‌ನಲ್ಲಿ ಹೇಳಿತು. ಉಡುಪಿಯಂಥ ವೆಚ್ಚಾಧಾರಿತ ದರದ ಸ್ಥಾವರಗಳಲ್ಲಿ ಹಾಗಲ್ಲ, ಇಂಧನದ ಏರಿಕೆ ನೇರ ಬಿಲ್ಲಿಗೆ ಇಳಿಯುತ್ತದೆ. ಒಂದೇ ಹಡಗಿನ ಕಲ್ಲಿದ್ದಲು, ಎರಡು ಬಗೆಯ ಕರಾರು, ನಷ್ಟ ಹೊರುವವರು ಬೇರೆ ಬೇರೆ. ಉಡುಪಿ ಸ್ಥಾವರ 2015ರಲ್ಲಿ ಅದಾನಿ ಪವರ್‌ಗೆ ಮಾರಾಟವಾಯಿತು. ಲ್ಯಾಂಕೊ ಇನ್‌ಫ್ರಾಟೆಕ್ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಆಂಧ್ರದ ನಿಮ್ಮ ಬಿಲ್ಲಿನಲ್ಲಿ ಸರ್ದುಬಾಟು ಚಾರ್ಜಿ ಎಂದೂ, ಕರ್ನಾಟಕದ ನಮ್ಮ ಬಿಲ್ಲಿನಲ್ಲಿ ಇಂಧನ ಹೊಂದಾಣಿಕೆ ಶುಲ್ಕ ಎಂದೂ ಬರುವ ಸಾಲಿನ ಹಿಂದೆ ಇಂಥ ಕರಾರುಗಳಿವೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಈ ಎರಡೂ ತೀರಗಳ ಬಂಡೆಯೊಳಗಿದೆ. ದೇಶದ ತುರ್ತು ತೈಲ ಸಂಗ್ರಹದ ಮೊದಲ ಮೂರು ಗುಹೆಗಳು ವಿಶಾಖಪಟ್ಟಣ, ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿವೆ: ಕ್ರಮವಾಗಿ 13.3 ಲಕ್ಷ, 15 ಲಕ್ಷ ಮತ್ತು 25 ಲಕ್ಷ ಟನ್. ದೇಶದ ಸುಮಾರು ಒಂಬತ್ತೂವರೆ ದಿನದ ಬಳಕೆಗೆ ಸಾಕು. 2020ರ ಏಪ್ರಿಲ್-ಮೇನಲ್ಲಿ ತೈಲ ಬೆಲೆ ನೆಲಕಚ್ಚಿದಾಗ ಇವನ್ನು ತುಂಬಿಸಿ ಸುಮಾರು ₹5,000 ಕೋಟಿ ಉಳಿಸಿದೆವೆಂದು ಕೇಂದ್ರ ಸರ್ಕಾರ ಹೇಳಿತು. ಬೆಲೆಯ ಏರಿಳಿತವನ್ನು ಗ್ರಾಹಕನಿಗೆ ದಾಟಿಸುವ ಮೊದಲು ಸರ್ಕಾರ ತಾನೇ ಒಂದಿಷ್ಟು ಹೊತ್ತುಕೊಳ್ಳುವ ದಾರಿಯಿದು. 1991ರಲ್ಲಿ ನಮ್ಮ ಬಳಿ ಇದು ಇರಲಿಲ್ಲ.

6. ಗಾಳಿ, ಬಿಸಿಲು, ಮಾತು

2019ರಲ್ಲಿ ಆಂಧ್ರದ ಹೊಸ ಸರ್ಕಾರ ಹಿಂದಿನವರು ಮಾಡಿದ ಗಾಳಿ ಮತ್ತು ಸೌರ ವಿದ್ಯುತ್ ಕರಾರುಗಳನ್ನು ಮತ್ತೆ ಚೌಕಾಸಿಗೆ ಎಳೆಯಿತು. ಗಾಳಿಗೆ ಯೂನಿಟ್ಟಿಗೆ ₹4.80ರ ಆಸುಪಾಸು ದರವಿತ್ತು. ಪೇಟೆಯಲ್ಲಿ ಹೊಸ ದರ ಅದರ ಅರ್ಧಕ್ಕಿಳಿದಿತ್ತು. ದುಬಾರಿ ಎಂಬ ದೂರಿನಲ್ಲಿ ಹುರುಳಿತ್ತು. ಆದರೆ ಸಹಿಯಾದ ಕರಾರನ್ನು ಒಂದು ಕಡೆಯವರು ಮುರಿಯಬಹುದಾದರೆ ಮುಂದಿನ ಹೂಡಿಕೆದಾರ ಆ ಭಯದ ಬೆಲೆಯನ್ನೂ ದರಕ್ಕೆ ಸೇರಿಸುತ್ತಾನೆ. 2022ರ ಮಾರ್ಚ್ 15ರಂದು ಆಂಧ್ರ ಹೈಕೋರ್ಟು ಕರಾರಿನ ದರವನ್ನೇ ಕೊಡಬೇಕೆಂದು ತೀರ್ಪಿತ್ತಿತು. ನಡುವಿನ ವರ್ಷಗಳ ಬಾಕಿ ವಿತರಣಾ ಕಂಪನಿಗಳ ಕೊರಳಿಗೆ ಬಿತ್ತು.

ಅದೇ ಕಾಲದಲ್ಲಿ ಗಡಿಯ ಆಚೆ, ಕರ್ನಾಟಕದಲ್ಲಿದ್ದೂ ಮನೆಮಾತು ಹೆಚ್ಚಾಗಿ ತೆಲುಗಾಗಿರುವ ಪಾವಗಡದ ತಿರುಮಣಿ, ವಳ್ಳೂರು ಮೊದಲಾದ ಹಳ್ಳಿಗಳಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿತು. ಸುಮಾರು 13,000 ಎಕರೆ. ಜಮೀನು ಕಸಿದುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು: ಎಕರೆಗೆ ವರ್ಷಕ್ಕೆ ₹21,000, ಎರಡು ವರ್ಷಕ್ಕೊಮ್ಮೆ 5 ಶೇಕಡಾ ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೇ ಇದೆ. ಬರಗಾಲದ ನೆಲದಲ್ಲಿ ಮಳೆ ಬಾರದ ವರ್ಷವೂ ದುಡ್ಡು ಬರುತ್ತದೆ. ಕೊರತೆಯೂ ಉಂಟು. ಜಮೀನಿಲ್ಲದ ಕೂಲಿಯವರು ಆ ಕರಾರಿನ ಯಾವ ಸಾಲಿನಲ್ಲೂ ಇಲ್ಲ. ಹೊಲ ಹೋದಾಗ ಅವರ ಕೂಲಿಯೂ ಹೋಯಿತು, ಗುತ್ತಿಗೆಯ ಹಣ ಮಾತ್ರ ಅವರ ಮನೆಗೆ ಬರಲಿಲ್ಲ. ಹೀಗಿದ್ದೂ ಜಮೀನುದಾರನ ಮಟ್ಟಿಗೆ ಯಾರಿಗೆ ಏನು, ಎಷ್ಟು ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿದ್ದುದರಿಂದಲೇ ಆ ಪಾರ್ಕು ನಿಂತಿದೆ.

7. ಸೀಗಡಿಯ ಕೊಳದಲ್ಲಿ ಕರೆಂಟು

ವ್ಯಾಪಾರ ಮತ್ತು ಇಂಧನ ಎರಡು ಇಲಾಖೆಗಳ ವಿಷಯವೆಂದು ನಾವು ಭಾವಿಸುತ್ತೇವೆ. ಭೀಮಾವರದ ಕೊಳಗಳಲ್ಲಿ ಅವು ಒಂದೇ. ಸೀಗಡಿಗೆ ಉಸಿರಾಡಲು ನೀರಿನಲ್ಲಿ ಗಾಳಿ ಬೇಕು, ರಾತ್ರಿಯಿಡೀ ಏರೇಟರ್ ತಿರುಗಬೇಕು, ಅದಕ್ಕೆ ವಿದ್ಯುತ್ ಬೇಕು. ಆಂಧ್ರ ಸರ್ಕಾರ ಇದಕ್ಕೆ ಯೂನಿಟ್ಟಿಗೆ ₹1.50ರ ರಿಯಾಯಿತಿ ದರ ಕೊಟ್ಟಿತು. ಬೆಳೆದ ಸೀಗಡಿಯ ದೊಡ್ಡ ಗಿರಾಕಿ ಅಮೆರಿಕ. ಅಂದರೆ ಇಲ್ಲಿಯ ತೆರಿಗೆದಾರ ಕೊಟ್ಟ ಸಬ್ಸಿಡಿಯ ಒಂದು ಪಾಲು ಅಲ್ಲಿಯ ಊಟದ ತಟ್ಟೆಯನ್ನು ಅಗ್ಗವಾಗಿಸಿತು. ನಮ್ಮ ಸರ್ಕಾರದ ರಿಯಾಯಿತಿಗಳನ್ನೇ ಕಾರಣವಾಗಿ ತೋರಿಸಿ ಅಮೆರಿಕ 2024ರಲ್ಲಿ ಭಾರತದ ಸೀಗಡಿಗೆ ಪ್ರತಿಸುಂಕ ಹಾಕಿತು. 2025ರ ಆಗಸ್ಟ್ 27ರಂದು ಭಾರತದ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು 50 ಶೇಕಡಾಕ್ಕೇರಿಸಿತು. ರಫ್ತುದಾರರು ಕೊಳದ ಬಳಿಯ ಖರೀದಿ ಬೆಲೆಯನ್ನು ಇಳಿಸಿದರು. ನಷ್ಟ ಮತ್ತೆ ಸರಪಳಿಯ ಕೊನೆಯವನಿಗೆ, ಕೊಳ ಗುತ್ತಿಗೆ ಹಿಡಿದವನಿಗೆ.

ಉಕ್ಕಿನದೂ ಇದೇ ಕತೆಯಾಗಬಹುದು. ಯುರೋಪ್ ಒಕ್ಕೂಟ 2026ರ ಜನವರಿ 1ರಿಂದ ಗಡಿಯಲ್ಲಿ ಇಂಗಾಲದ ಸುಂಕವನ್ನು ಜಾರಿಗೆ ತಂದಿದೆ. ಬಳ್ಳಾರಿ ಸೀಮೆಯ ತೋರಣಗಲ್ಲಿರಲಿ, ವಿಶಾಖಪಟ್ಟಣವಿರಲಿ, ಕಲ್ಲಿದ್ದಲಿನಿಂದ ಕಾಯಿಸಿದ ಉಕ್ಕು ಇನ್ನು ಮುಂದೆ ತನ್ನ ಹೊಗೆಯ ಲೆಕ್ಕವನ್ನೂ ಜೊತೆಗೊಯ್ಯಬೇಕು. ಯಾವ ಇಂಧನದಿಂದ ಮಾಡಿದ್ದು ಎಂಬುದು ಸರಕಿನ ಬೆಲೆಯ ಭಾಗವಾಯಿತು.

8. ಕೇಳಬೇಕಾದ ಪ್ರಶ್ನೆಗಳು

ಈಗ ಈ ಊರಿಗೆ ಹೊಸ ಭರವಸೆಗಳು ಬಂದಿವೆ. ಪೂಡಿಮಡಕದಲ್ಲಿ ಹಸಿರು ಜಲಜನಕದ ಕೇಂದ್ರಕ್ಕೆ 2025ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಇಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡಿ ದತ್ತಾಂಶ ಕೇಂದ್ರ ಕಟ್ಟುವುದಾಗಿ ಘೋಷಿಸಿತು. ಬೆಂಗಳೂರಿನಲ್ಲಿ ಒಂದಿಷ್ಟು ಅಸೂಯೆ, ಇಲ್ಲಿ ಒಂದಿಷ್ಟು ಹೆಮ್ಮೆ ಸಹಜ. ಎರಡನ್ನೂ ಬದಿಗಿಟ್ಟು ಮೂರು ಪ್ರಶ್ನೆ ಕೇಳೋಣ. ಹಗಲಿರುಳು ಬೇಕಾಗುವ ಆ ವಿದ್ಯುತ್ತಿಗೆ ಕೊಟ್ಟ ರಿಯಾಯಿತಿಯನ್ನು ಯಾರ ಬಿಲ್ಲಿನಿಂದ ತುಂಬಲಾಗುತ್ತದೆ? ಬೇಡಿಕೆ ನಿರೀಕ್ಷೆಯಷ್ಟು ಬಾರದಿದ್ದರೆ, ಅದಕ್ಕೆಂದೇ ಕಟ್ಟಿದ ಸ್ಥಾವರ ಮತ್ತು ತಂತಿಯ ಸ್ಥಿರ ವೆಚ್ಚ ಯಾರದು? ಕರಾರಿನಲ್ಲಿ ಹೆಸರಿಲ್ಲದ ಮೀನುಗಾರ, ಕೂಲಿಯವರ ಪಾಲು ಎಲ್ಲಿ ಬರೆದಿದೆ?

ಈ ಪ್ರಶ್ನೆಗಳಿಗೆ ವೇದಿಕೆ ಈಗಾಗಲೇ ಇದೆ. 1999ರ ಸುಧಾರಣೆಗಳಲ್ಲಿ ನಾವು ಹೆಚ್ಚು ಹೊಗಳದ, ಆದರೆ ಅತಿ ಉಪಯುಕ್ತವಾದ ಕೊಡುಗೆ ನಿಯಂತ್ರಣ ಆಯೋಗದ ಸಾರ್ವಜನಿಕ ವಿಚಾರಣೆ. ದರ ನಿಗದಿಗೆ ಮುಂಚೆ ಯಾವ ಬಳಕೆದಾರ ಬೇಕಾದರೂ ಆಕ್ಷೇಪ ಸಲ್ಲಿಸಬಹುದು, ಎದ್ದು ನಿಂತು ಮಾತಾಡಬಹುದು. ಅಲ್ಲಿಗೆ ಉದ್ಯಮದವರ ವಕೀಲರು ತಪ್ಪದೆ ಹೋಗುತ್ತಾರೆ. ಮನೆಬಳಕೆಯವರು, ರೈತರು ವಿರಳ, ಏಕೆಂದರೆ ಕರಾರುಗಳು ನೂರಾರು ಪುಟದ ಇಂಗ್ಲಿಷಿನಲ್ಲಿವೆ. ಪ್ರತಿ ದೊಡ್ಡ ಖರೀದಿ ಕರಾರಿನ ಜೊತೆ, ಇಂಧನ, ವಿನಿಮಯ, ಬೇಡಿಕೆ ಈ ಮೂರರ ನಷ್ಟ ಯಾರದೆಂದು ತೆಲುಗಿನಲ್ಲೋ ಕನ್ನಡದಲ್ಲೋ ಎರಡು ಪುಟದ ಸಾರಾಂಶ ಪ್ರಕಟಿಸುವುದನ್ನು ಆಯೋಗಗಳು ಕಡ್ಡಾಯ ಮಾಡಬೇಕು. ಇದಕ್ಕೆ ಸಾಲ ಬೇಡ, ಹೊಸ ಕಾಯ್ದೆಯೂ ಬೇಡ, ಆಯೋಗದ ಒಂದು ನಿಯಮ ಸಾಕು. ತೊಂಬತ್ತರ ದಶಕದಲ್ಲಿ ಎಂಟು ಯೋಜನೆಗಳಿಗೆ ಇಂಥ ಎರಡು ಪುಟ ಇದ್ದಿದ್ದರೆ ಅವುಗಳಲ್ಲಿ ಕೆಲವು ಬಾರದೇ ಹೋಗುತ್ತಿದ್ದವು, ಬಂದವು ಬೇಗ ಬರುತ್ತಿದ್ದವು.